ತೊಗಟೆ ಕಂಬಗಳ ಊರು

ನೀವಿರುವ ಮನೆ, ದಿನಸಿ ತರುವ ಅಂಗಡಿ, ಭಾನುವಾರದ ಸಿನಿಮಾ ಮಂದಿರ, ಎಲ್ಲವೂ ನಿಮಗೆ ಸಂಬಳ ಕೊಡುವವರದ್ದೇ ಆಗಿದ್ದರೆ? ಕಂಪನಿ ಊರು ಎಂದರೆ ಅದೇ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ, ಹಂಬೋಲ್ಟ್ ಕೌಂಟಿಯ ಈಲ್ ನದಿಯ ದಡದಲ್ಲಿ ಬಹುಕಾಲ ಅಂಥದಾಗಿದ್ದ ಒಂದು ಊರಿದೆ: ಸ್ಕೋಷಿಯಾ. ಕಟ್ಟಿಸಿದ್ದು ಪೆಸಿಫಿಕ್ ಲಂಬರ್ ಕಂಪನಿ. ಮೊದಲು ಫಾರೆಸ್ಟ್‌ವಿಲ್ ಎಂದಿದ್ದ ಹೆಸರು 1888ರಲ್ಲಿ ಬದಲಾಯಿತು.

ಇಲ್ಲಿನ ಸಾಮಿಲ್ಲು ಕಾಡಿನ ನಡುವೆ ಇತ್ತು. ಕಾಡಿನ ನಡುವೆ ಬಾಡಿಗೆ ಮನೆ ಎಲ್ಲಿ ಸಿಗುತ್ತದೆ? ಹಾಗಾಗಿ ಕಂಪನಿಯೇ ಸಾಲು ಸಾಲಾಗಿ ಸುಮಾರು 270 ಮನೆ ಕಟ್ಟಿತು. ಸಂಸಾರ ನೆಲೆಯೂರಿದರೆ ಕೆಲಸಗಾರ ಬಿಟ್ಟು ಹೋಗುವುದಿಲ್ಲ ಎಂಬ ಲೆಕ್ಕವೂ ಅದರಲ್ಲಿತ್ತು. ಬಾಡಿಗೆ ಕಡಿಮೆ, ರಿಪೇರಿ ಕಂಪನಿಯದು. ಆದರೆ ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಈ ಎರಡನ್ನೂ ಒಟ್ಟಿಗೆ ನೆನಪಿಡಿ. ಒಂದನ್ನೇ ಹಿಡಿದರೆ ಊರು ಅರ್ಥವಾಗುವುದಿಲ್ಲ.

ಈಗ ಆ ಕಾಡಿನ ಮರಕ್ಕೆ ಬರೋಣ. ರೆಡ್‌ವುಡ್ ನೂರು ಮೀಟರ್ ದಾಟಿ ಬೆಳೆಯಬಲ್ಲ ಮರ. ಅದರ ಕೆಂಪು ಚೇಗು ಬೇಗ ಕೊಳೆಯುವುದಿಲ್ಲ, ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಊರಿನ ಗೋಡೆ, ಹಲಗೆ, ತೊಲೆ ಎಲ್ಲ ಅದರದ್ದೇ. ಗರಗಸದ ಹೊಟ್ಟು, ತೊಗಟೆಗಳನ್ನೂ ಬಿಡದೆ ಉರಿಸಿ ಹಬೆ ಮಾಡಿ ವಿದ್ಯುತ್ ತೆಗೆದರು.

ನನಗೆ ಅತಿ ಇಷ್ಟವಾದ ಪಾಠ 1920ರಲ್ಲಿ ಬ್ಯಾಂಕಿಗೆಂದು ಕಟ್ಟಿದ, ಈಗ ಮ್ಯೂಸಿಯಂ ಆಗಿರುವ ಕಟ್ಟಡ. ದೂರದಿಂದ ಗ್ರೀಕ್ ದೇಗುಲ. ಹತ್ತಿರ ಹೋಗಿ ನೋಡಿದರೆ ಮುಂದಿನ ಕಂಬಗಳು ಕಲ್ಲಲ್ಲ, ತೊಗಟೆ ಸುಲಿಯದ ರೆಡ್‌ವುಡ್ ದಿಮ್ಮಿಗಳು! ಗ್ರೀಕ್ ಶಿಲ್ಪಿ ಅಮೃತಶಿಲೆಯ ಕಂಬಕ್ಕೆ ಮೇಲಿಂದ ಕೆಳಗೆ ತೋಡು ಕೊರೆಯಲು ತಿಂಗಳುಗಟ್ಟಲೆ ಉಳಿ ಹಿಡಿಯಬೇಕಿತ್ತು. ಈ ತೊಗಟೆಯಲ್ಲಿ ಆ ತೋಡುಗಳು ಹುಟ್ಟಿನಿಂದಲೇ ಇವೆ. ಅದನ್ನು ಗುರುತಿಸಿದ ಕಣ್ಣು ಎಂಥದು! ಅದೇ ವರ್ಷದ ವಿನೆಮಾ ಚಿತ್ರಮಂದಿರದ ಮುಂದೆಯೂ ಇಂಥದೇ ದಿಮ್ಮಿಗಳಿವೆ.

1980ರ ದಶಕದ ನಡುವೆ ಮ್ಯಾಕ್ಸಾಮ್ ಎಂಬ ಸಂಸ್ಥೆ ಸಾಲ ಎತ್ತಿ ಕಂಪನಿಯನ್ನು ಕೊಂಡಿತು. ಸಾಲ ತೀರಿಸಲು ಮರ ಕಡಿಯುವುದು ಹೆಚ್ಚಿತು. ಹಳೆಯ ಕಾಡು ಉಳಿಸಬೇಕೆಂಬ ಹೋರಾಟವೂ ಬೆಳೆಯಿತು. 2007ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಊರು ಸಾಲ ಕೊಟ್ಟವರ ಕೈಗೆ ಹೋಯಿತು. ಮನೆಗಳನ್ನು ಬಿಡಿಯಾಗಿ ಮಾರಲು ಹೊರಟಾಗ ಮೊದಲು ಬೇಕಾದದ್ದು ಸರ್ವೆ. ಊರೆಲ್ಲ ಒಬ್ಬರದೇ ಆಸ್ತಿಯಾಗಿದ್ದರಿಂದ, ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಕಾಗದದ ಮೇಲೆ ಗಡಿಯೇ ಇರಲಿಲ್ಲ.