ನಂಬರ್ ಯಾರ ಹೆಸರಿನಲ್ಲಿದೆ?

ಸಣ್ಣ ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಫೋನ್ ಬಿಲ್ಲಿಗೆ ಒಂದು ಸಾಲು ಇರುತ್ತದೆ. ಯಾರೂ ಎತ್ತದೇ ಹೋದ ಫೋನಿಗೆ ಸಾಲಿಲ್ಲ. ಹುಬ್ಬಳ್ಳಿಯಲ್ಲಿ ನಾನು, ನನ್ನ ತಮ್ಮ ಸೇರಿ ನಡೆಸುವ ಪಂಪ್‌ಸೆಟ್ ಅಂಗಡಿಯ ಫೋನನ್ನು ಕ್ಲೌಡಿಗೆ ಹಾಕಿಸಲು ನಾನು ಒಪ್ಪಿದ್ದು ಎತ್ತದ ಫೋನುಗಳ ಸಲುವಾಗಿ. ಪ್ಲ್ಯಾನ್ ಮಾರಲು ಬಂದ ಹುಡುಗ ಹೇಳಿದ್ದು ಬೇರೆ: "ಖರ್ಚು ಅರ್ಧಕ್ಕರ್ಧ ಇಳಿಯುತ್ತೆ ಸರ್." ಖರ್ಚೇನೂ ಇಳಿಯಲಿಲ್ಲ. ಆದರೂ ತೆಗೆಸಿಲ್ಲ.

ಮೊದಲಿದ್ದದ್ದು ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ. ಗೋಡೆಗೊಂದು ಇಪಿಎಬಿಎಕ್ಸ್ ಪೆಟ್ಟಿಗೆ, ಅದಕ್ಕೆ ಎರಡು ಲ್ಯಾಂಡ್‌ಲೈನ್, ಕೌಂಟರಿಗೂ ಗೋಡೌನಿಗೂ ವರ್ಕ್‌ಶಾಪಿಗೂ ಒಂದೊಂದು ಎಕ್ಸ್‌ಟೆನ್ಷನ್, ವರ್ಷಕ್ಕೊಮ್ಮೆ ಎಎಂಸಿ. ಮಳೆಗಾಲದಲ್ಲಿ ಕೇಬಲ್ಲಿಗೆ ನೀರು ಹೊಕ್ಕರೆ ಬರೀ ಗರಗರ. ಈ ಯಂತ್ರಗಳ ಬಗ್ಗೆ ನಮ್ಮ ಕಡೆಯವರಿಗೆ ಒಂಚೂರು ಅಭಿಮಾನವೂ ಇರಬೇಕು: ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ಇಲ್ಲೇ ಹತ್ತಿರದ ಕಿತ್ತೂರಿನಲ್ಲಿ. ಆಗ ಎಕ್ಸ್‌ಚೇಂಜ್ ಊರಿಗೆ ಬಂತು. ಈಗ ನಮ್ಮ ಗೋಡೆಯ ಮೇಲಿನ ಪುಟ್ಟ ಎಕ್ಸ್‌ಚೇಂಜ್ ಯಾರದೋ ಸರ್ವರಿಗೆ ಹೋಗಿ ಕೂತಿದೆ. ಗಿರಾಕಿ ಒಂದು ನಂಬರಿಗೆ ಫೋನ್ ಮಾಡುತ್ತಾನೆ, ಆ ಸರ್ವರ್ ನಮ್ಮ ಮೆಕ್ಯಾನಿಕ್ಕಿನ ಮೊಬೈಲಿಗೆ ಹಚ್ಚುತ್ತದೆ. ಅವನು ಎತ್ತದಿದ್ದರೆ ಇನ್ನೊಬ್ಬನಿಗೆ, ಅವನೂ ಎತ್ತದಿದ್ದರೆ ನನಗೆ. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂಬುದೆಲ್ಲ ಆ್ಯಪಿನಲ್ಲಿ ದಾಖಲು. ಬೆಂಗಳೂರಿನ ಎಕ್ಸೊಟೆಲ್, ಹೈದರಾಬಾದಿನ ಓಝೋನ್‌ಟೆಲ್‌ನಂಥ ಕಂಪನಿಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ವ್ಯಾಪಾರದಲ್ಲಿವೆ.

ಹಣ ಸೋರುವ ಜಾಗ ಒಂದಿದೆ. ಬಂದ ಫೋನಿಗೆ ದುಡ್ಡಿಲ್ಲ ಎಂಬುದು ನಮ್ಮ ಮೊಬೈಲ್ ರೂಢಿ. ಇಲ್ಲಿ ಹಾಗಲ್ಲ. ಗಿರಾಕಿಯ ಕರೆ ಸರ್ವರಿಗೆ ಬಂದ ಮೇಲೆ ಅಲ್ಲಿಂದ ನಮ್ಮ ಮೊಬೈಲಿಗೆ ಇನ್ನೊಂದು ಕರೆ ಹೋಗಬೇಕಲ್ಲ, ಅದರ ಮಿನಿಟು ನಮ್ಮ ಲೆಕ್ಕಕ್ಕೆ. ದಿನಕ್ಕೆ 40 ಕರೆ, ಒಂದೊಂದಕ್ಕೆ 3 ನಿಮಿಷ, ತಿಂಗಳಿಗೆ 26 ದಿನ ಎಂದುಕೊಳ್ಳಿ: 3,120 ನಿಮಿಷ. ನಿಮಿಷಕ್ಕೆ ಒಂದು ರೂಪಾಯಿ ಹಿಡಿದರೂ 3,120 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 3,682. ತಿಂಗಳ ಬಾಡಿಗೆ ಇದರ ಹೊರಗೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಆ ಬಾಡಿಗೆಯನ್ನು ಮಾತ್ರ.

ತೆರಿಗೆ ಕಡೆಯಿಂದ ಕ್ಲೌಡ್ ಸ್ವಲ್ಪ ವಾಸಿ. ಪೆಟ್ಟಿಗೆ ಕೊಂಡರೆ ಅದು ಆಸ್ತಿ, ವರ್ಷಕ್ಕೆ ಶೇ 15ರಂತೆ ಸವಕಳಿ ಬರೆಯುತ್ತ ಕೂರಬೇಕು. ಬಾಡಿಗೆಯಾದರೆ ಆಯಾ ವರ್ಷದ ಖರ್ಚು. ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ ಹಿಂದಕ್ಕೆ ಪಡೆಯಬಹುದು, ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಅದೂ ಇಲ್ಲ. ಇನ್ನು 1800ರ ಟೋಲ್‌ಫ್ರೀ ನಂಬರಿನ ಆಸೆ ಬಿಡಿ. ಅಲ್ಲಿ ಕರೆಯ ಖರ್ಚು ಪೂರ್ತಿ ನಿಮ್ಮದು, ಗಿರಾಕಿಯ ಮೊಬೈಲಿನಲ್ಲಿ ಹೇಗೂ ಅನ್‌ಲಿಮಿಟೆಡ್ ಪ್ಯಾಕ್ ಇರುತ್ತದೆ.

ಇಷ್ಟು ಕೊಟ್ಟು ನಮಗೆ ಸಿಕ್ಕಿದ್ದೇನು? ಮಿಸ್ಡ್ ಕಾಲ್ ಪಟ್ಟಿ. ಅದನ್ನು ನೋಡಿದ ಮೇಲೆ ತಿಳಿದದ್ದು, ಬೇಸಿಗೆಯಲ್ಲಿ ನಮಗೆ ಅತಿ ಹೆಚ್ಚು ಫೋನ್ ಬರುವುದು ಬೆಳಗ್ಗೆ ಆರರಿಂದ ಎಂಟರವರೆಗೆ. ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ, ನಸುಕಿನಲ್ಲಿ. ಮೋಟರ್ ಸುಡುವುದೂ ಆಗಲೇ. ನಮ್ಮ ಶಟರ್ ಏಳುವುದು ಒಂಬತ್ತೂವರೆಗೆ. ಅಷ್ಟರೊಳಗೆ ರೈತ ಬೇರೆ ಅಂಗಡಿ ಹುಡುಕಿಕೊಂಡಿರುತ್ತಾನೆ. ಈಗ ಆ ಹೊತ್ತಿನ ಕರೆಗಳು ಪಾಳಿಯ ಮೆಕ್ಯಾನಿಕ್ಕಿನ ಮೊಬೈಲಿಗೆ ಹೋಗುತ್ತವೆ. ಒಂದು ರಿವೈಂಡಿಂಗ್ ಕೆಲಸ ಹೆಚ್ಚಿಗೆ ಬಂದರೂ ಆ ವಾರದ ಮಿನಿಟುಗಳ ದುಡ್ಡು ಹುಟ್ಟಿತು. ಮೆಕ್ಯಾನಿಕ್ ಕೆಲಸ ಬಿಟ್ಟರೆ ಅವನ ಸ್ವಂತ ನಂಬರಿನ ಜೊತೆ ಗಿರಾಕಿಗಳೂ ಹೋಗುವುದು ನಿಂತಿದೆ, ಅದು ಬೇರೆ.

"ಒಂದು ಒತ್ತಿ, ಎರಡು ಒತ್ತಿ" ಎನ್ನುವ ದನಿಯನ್ನು ಮಾತ್ರ ಬೇಗನೆ ತೆಗೆಸಿದೆವು. ನವಲಗುಂದ ಕಡೆಯ ಹಳೇ ಗಿರಾಕಿಯೊಬ್ಬರು ಅಂಗಡಿಗೇ ಬಂದು ತಕರಾರು ಹೇಳಿದರು: "ಸಾವ್ಕಾರ್ರ, ಫೋನಿಗೆ ಯಾರನ್ನ ಕುಂದರ್ಸೀರಿ? ಮೋಟರ್ ಸುಟ್ಟೈತೆವ್ವಾ ಅಂದ್ರ ತಂದ ತಾ ಹೇಳಾಕತ್ತಾಳ, ನಂದು ಕೇಳವಲ್ಲಳು." ಈಗ ನೇರ ರಿಂಗ್. ಹತ್ತು ಜನರಿಗಿಂತ ಸಣ್ಣ ಅಂಗಡಿಗೆ ಆ ಮೆನು ಶೋಕಿಯೇ ಸರಿ.

ಇನ್ನು ನಂಬರಿನ ವಿಷಯ. ನಾವು ಮಾರಿದ ಪ್ರತಿ ಪಂಪಿನ ಸ್ಟಾರ್ಟರ್ ಡಬ್ಬಿಯ ಮೇಲೆ ನಮ್ಮದೊಂದು ಸ್ಟಿಕರ್ ಇರುತ್ತದೆ. ವರ್ಷಗಟ್ಟಲೆ ಯಾರೂ ಅದನ್ನು ನೋಡುವುದಿಲ್ಲ. ಮೋಟರ್ ನಿಂತ ದಿನ ರೈತ ಧೂಳು ಒರೆಸಿ ಓದುತ್ತಾನೆ. ಅಲ್ಲಿರುವುದು 0836ರಿಂದ ಶುರುವಾಗುವ ಹಳೇ ಲ್ಯಾಂಡ್‌ಲೈನ್. ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ 2011ರಲ್ಲಿ ದೇಶಕ್ಕೆಲ್ಲ ಬಂತು ನಿಜ, ಆದರೆ ಅದು ಮೊಬೈಲಿಗೆ ಮಾತ್ರ. ಹಾಗಾಗಿ ಒಂದು ಲ್ಯಾಂಡ್‌ಲೈನ್ ಇಟ್ಟುಕೊಂಡು ಅದನ್ನು ಹೊಸ ನಂಬರಿಗೆ ಫಾರ್ವರ್ಡ್ ಮಾಡಿಸಿದ್ದೇವೆ. ಹೊಸದೋ, ನಮ್ಮ ಕೈಗೆ ಬಂದ ಒಪ್ಪಂದದ ಪ್ರಕಾರ ಕಂಪನಿಯ ಸ್ವತ್ತು. ರೀಚಾರ್ಜ್ ನಿಂತರೆ ಅವರು ಹಿಂದಕ್ಕೆ ಪಡೆಯಬಹುದು. ಬಾಡಿಗೆ ಮಳಿಗೆಯ ಗೋಡೆಯಲ್ಲೇ ಹೆಸರು ಕೆತ್ತಿಸಿದ ಹಾಗಾಯಿತು. ಸ್ಟಿಕರಿನ ಮೇಲೆ ಅದನ್ನು ಅಚ್ಚು ಹಾಕಿಸಲು ತಮ್ಮ ಎಷ್ಟು ಹೇಳಿದರೂ ನಾನು ಒಪ್ಪಿಲ್ಲ.

ಇಬ್ಬರೇ ಕೂರುವ ಅಂಗಡಿಯಾದರೆ ಇದ್ಯಾವುದೂ ಬೇಡ. ಅಂಗಡಿ ಹೆಸರಿನಲ್ಲಿ ಒಂದು ಸಿಮ್, ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ನಾಲ್ಕೈದು ಜನ ಊರೂರು ತಿರುಗುವ ಕೆಲಸವಾದರೆ ಹಾಕಿಸಿ. ಆದರೆ ನಂಬರ್ ಯಾರ ಹೆಸರಿನಲ್ಲಿರುತ್ತದೆ, ಬಿಟ್ಟು ಹೋಗುವಾಗ ಸಿಗುತ್ತದೆಯೇ, ಉಳಿದ ಮಿನಿಟುಗಳು ಮುಂದಿನ ತಿಂಗಳಿಗೆ ಬರುತ್ತವೆಯೇ ಎಂದು ಮೊದಲು ಕೇಳಿ. ಇವಕ್ಕೆ ಉತ್ತರ ಬರಹದಲ್ಲಿ ಕೊಡದವರಿಗೆ ಇಡೀ ವರ್ಷದ ದುಡ್ಡು ಮುಂಗಡ ಕೊಡಬೇಡಿ.