ಮನೆಯ ಶೆಡ್ಡಿಗೆ ಎಂಜಿನ್ ಎತ್ತುವ ಸಾಧನ: ಮೇಲೆ ನೋಡಿ, ಕೆಳಗೆ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಹುನಗುಂದ ಹತ್ತಿರದ ನಮ್ಮೂರ ಮನೆಯ ಅಂಗಳದಲ್ಲಿ ಒಂದು ಬೇವಿನ ಗಿಡ ಇದೆ. ಅದರ ದಪ್ಪ ಟೊಂಗೆಯೊಂದು ಬುಡದಲ್ಲೇ ಸೀಳಿ ಹೋದ ಜಾಗದಲ್ಲಿ ಈಗ ಗಂಟು ಕಟ್ಟಿಕೊಂಡಿದೆ. ಆ ಟೊಂಗೆಗೆ ಹಗ್ಗ ಸುತ್ತಿ, ಚೈನ್ ಪುಲ್ಲಿ ತೂಗುಹಾಕಿ, ನಮ್ಮ ಕಾಕಾ ತಮ್ಮ ಡೀಸೆಲ್ ಜೀಪಿನ ಎಂಜಿನ್ ಎತ್ತಿಸಿದ್ದರು. ಎಂಜಿನ್ ಮೌಂಟಿಂಗ್ ಬಿಟ್ಟು ಒಂದು ಗೇಣು ಮೇಲೆದ್ದಿತ್ತು. ಯಾವುದಾದರೂ ವೈರು ಸಿಕ್ಕಿಕೊಂಡಿದೆಯೋ ಏನೋ ಎಂದು ನಾನು ಅದರ ಕೆಳಗೆ ಕೈ ಹಾಕಿದ್ದೆ. ಮೇಲೆ ಹಪ್ಪಳ ಮುರಿದಂಥ ಸಣ್ಣ ಸದ್ದು. "ತಮ್ಮಾ, ಕೈ ತಗಿ!" ಎಂದು ಕಾಕಾ ಕೂಗಿದರು. ತೆಗೆದೆ. ಅಷ್ಟರಲ್ಲೇ ಟೊಂಗೆ ಸೀಳಿತು, ಎಂಜಿನ್ ಚಾಸಿಯ ಮೇಲೆ ಕುಸಿಯಿತು, ಸಂಪ್ ಒಡೆದು ಕರಿ ಎಣ್ಣೆ ಅಂಗಳದಲ್ಲೆಲ್ಲ ಹರಿಯಿತು. ಚೈನ್ ಪುಲ್ಲಿಗೆ ಏನೂ ಆಗಿರಲಿಲ್ಲ. ಒಂದು ಟನ್ನಿನ ಒಳ್ಳೆಯ ಪುಲ್ಲಿ ಅದು. ಅದನ್ನು ಕಟ್ಟಿದ ಟೊಂಗೆ ಎಷ್ಟು ಭಾರ ತಡೆಯುತ್ತದೆ ಎಂದು ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಈಗ ಮನೆಯಲ್ಲೇ ಶೆಡ್ ಹಾಕಿಕೊಂಡು ತಮ್ಮ ಗಾಡಿಯನ್ನು ತಾವೇ ಬಿಚ್ಚಿ ಜೋಡಿಸುವ ಹುಡುಗರು ಬಹಳ ಮಂದಿ ಇದ್ದಾರೆ. ಇದು ಅವರಿಗಾಗಿ ಬರೆದದ್ದು. ಎಂಜಿನ್ ಎತ್ತುವ ಸಾಧನ ಕೊಳ್ಳುವಾಗ ಎಲ್ಲರೂ "ಎಷ್ಟು ಟನ್ನಿಂದು?" ಎಂದು ಅಂಗಡಿಯಲ್ಲೇ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಮನೆಯಲ್ಲಿ. ಅದನ್ನು ಎಲ್ಲಿಗೆ ತೂಗುಹಾಕುತ್ತೀರಿ, ಯಾವ ನೆಲದ ಮೇಲೆ ನಿಲ್ಲಿಸುತ್ತೀರಿ ಎಂಬುದು ಮೊದಲು ಗೊತ್ತಾಗಬೇಕು.

ಹಂತ 1: ಎತ್ತುವುದು ಏನನ್ನು, ಅದರ ತೂಕ ಎಷ್ಟು

ಮಾರುತಿ 800 ತರಹದ ಸಣ್ಣ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಿಯಾಗಿಯೇ ಹೊರಗೆ ಬರುತ್ತವೆ. ಎರಡೂ ಸೇರಿ ಒಂದು ಕ್ವಿಂಟಲ್ ಆಸುಪಾಸು ಎಂದು ಹಿಡಿಯಿರಿ. ಜೀಪು, ಬೊಲೆರೊಗಳ ಬೀಡುಕಬ್ಬಿಣದ ಡೀಸೆಲ್ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತೆಗೆದರೆ ಎರಡೂವರೆಯಿಂದ ಮೂರು ಕ್ವಿಂಟಲ್ ಇರುತ್ತದೆ. ಸರಿಯಾದ ಲೆಕ್ಕ ಬೇಕಿದ್ದರೆ ಊರಿನ ಗುಜರಿ ಅಂಗಡಿಯವರನ್ನು ಕೇಳಿ. ಅವರು ಹಳೆ ಎಂಜಿನ್ನುಗಳನ್ನು ದಿನಾ ಕಾಟಾದ ಮೇಲೆ ಇಡುತ್ತಾರೆ.

ಸಿಕ್ಕ ತೂಕದ ಎರಡು ಪಟ್ಟಿಗಿಂತ ಕಡಿಮೆ ಸಾಮರ್ಥ್ಯದ ಸಾಧನ ಬೇಡ. ಎತ್ತುವಾಗ ಮೌಂಟಿಂಗ್ ಬೋಲ್ಟ್ ಒಂದು ಬಿಚ್ಚದೆ ಉಳಿದರೆ ಎಂಜಿನ್ ಜೊತೆ ಇಡೀ ಗಾಡಿಯ ಮುಂಭಾಗವೇ ಎದ್ದು ಬರುತ್ತದೆ. ಆ ಭಾರ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಮನೆಯ ಕೆಲಸಕ್ಕೆ ಒಂದು ಟನ್ ಸರಿಯಾದ ಅಳತೆ.

ಟ್ರ್ಯಾಕ್ಟರ್ ಇದ್ದವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಜೀಪಿನಲ್ಲಿ ಎಂಜಿನ್ ಚಾಸಿಯ ಮೇಲೆ ಕೂತಿರುತ್ತದೆ. ಟ್ರ್ಯಾಕ್ಟರಿನಲ್ಲಿ ಬಹುಪಾಲು ಎಂಜಿನ್ನೇ ಚಾಸಿ. ಮುಂದಿನ ಆಕ್ಸಲ್ ಅದಕ್ಕೇ ಕಟ್ಟಿಕೊಂಡಿರುತ್ತದೆ, ಹಿಂದೆ ಕ್ಲಚ್ ಹೌಸಿಂಗ್ ಅದಕ್ಕೇ ಬೋಲ್ಟ್ ಆಗಿರುತ್ತದೆ. ಹಾಗಾಗಿ ಅಲ್ಲಿ ಎಂಜಿನ್ ಎತ್ತುವುದಕ್ಕಿಂತ ಮೊದಲು ಟ್ರ್ಯಾಕ್ಟರನ್ನು ಎರಡು ಭಾಗ ಮಾಡಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಎಡಬಲ ತೂಗುವುದರಿಂದ, ಅದರ ಎರಡೂ ಬದಿಗೆ ಕಟ್ಟಿಗೆಯ ಬೆಣೆ ಬಡಿಯದೆ ಬೋಲ್ಟ್ ಬಿಚ್ಚಿದರೆ ಮುಂಭಾಗ ಪಕ್ಕಕ್ಕೆ ಮಗುಚುತ್ತದೆ. ಹಿಂಭಾಗಕ್ಕೆ ಕ್ಲಚ್ ಹೌಸಿಂಗ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಬೇಕು. ಹೊಸಬರು ಇದನ್ನು ಒಬ್ಬರೇ ಮಾಡಬಾರದು. ಮೊದಲ ಸಲ ಅನುಭವಿ ಮೇಸ್ತ್ರಿಯ ಕೈಕೆಳಗೆ ಮಾಡಿ.

ಹಂತ 2: ಮೇಲೆ ನೋಡಿ

ನಮ್ಮ ಭಾಗದ ಹಳೆಯ ಮನೆಗಳಿಗೆ ತೊಲೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಬಾದಾಮಿ ಕಡೆ ಕಲ್ಲಿನ ಚಪ್ಪಡಿಯ ಸೂರೂ ಉಂಟು. ತೊಲೆ ಈಗಾಗಲೇ ಮೇಲಿನ ಮಣ್ಣಿನ ಭಾರ ಹೊತ್ತು ಎಷ್ಟೋ ವರ್ಷ ದುಡಿದಿದೆ. ಗೋಡೆಯೊಳಗೆ ಸೇರಿದ ಅದರ ತುದಿಗೆ ಗೆದ್ದಲು ಹಿಡಿದಿದ್ದರೆ ಹೊರಗಿನಿಂದ ಕಾಣುವುದೇ ಇಲ್ಲ. ಅದಕ್ಕೆ ಎಂಜಿನ್ ತೂಗುಹಾಕಬೇಡಿ. ತಗಡಿನ ಶೆಡ್ಡಿನ ಪೈಪು, ಆಂಗಲ್‌ಗಳು ತಗಡು ಮತ್ತು ಗಾಳಿಯ ಲೆಕ್ಕಕ್ಕೆ ಹಾಕಿದವು, ಅವೂ ಬೇಡ.

ಬಾಗಲಕೋಟೆಯ ನವನಗರದಲ್ಲಿ ವಿಷಯ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಭಾಗ ಬಿಟ್ಟುಕೊಟ್ಟು ಕಟ್ಟಿದ ಸೆಕ್ಟರ್‌ಗಳ ಮನೆಗಳಲ್ಲಿ ಆರ್‌ಸಿಸಿ ಸ್ಲ್ಯಾಬ್, ಅದರ ಕೆಳಗೆ ಕಾರು ನಿಲ್ಲಿಸುವ ಜಾಗ. ಅಲ್ಲಿ ಫ್ಯಾನ್ ಹುಕ್ಕು ಕಂಡ ಕೂಡಲೇ ಕೈ ತುರಿಸುತ್ತದೆ. ಆ ಹುಕ್ಕು ಫ್ಯಾನಿಗೆ ಮಾತ್ರ. ಸ್ಲ್ಯಾಬಿಗೆ ಡ್ರಿಲ್ ಹೊಡೆದು ಆಂಕರ್ ಬೋಲ್ಟ್ ಹಾಕುವುದೂ ಸಲ್ಲ. ಬೀಮಿನಿಂದ ತೂಗುಹಾಕಲೇಬೇಕು ಅನ್ನುವವರು ಮನೆಯ ನಕ್ಷೆ ಹಿಡಿದು ಸಿವಿಲ್ ಎಂಜಿನಿಯರ್ ಹತ್ತಿರ ಹೋಗಿ, ಒಳಗೆ ಎಷ್ಟು ಕಬ್ಬಿಣ ಇದೆ, ಎಷ್ಟು ಭಾರ ತಡೆದೀತು ಎಂದು ಬರೆಸಿಕೊಳ್ಳಿ.

ಹೊಸದಾಗಿ ಶೆಡ್ ಹಾಕುತ್ತಿದ್ದರೆ ಒಂದು ಮಾತು. ಎರಡು ಪ್ರತ್ಯೇಕ ಕಂಬ ನಿಲ್ಲಿಸಿ ಅಡ್ಡಲಾಗಿ ಕಬ್ಬಿಣದ ಐ ಬೀಮ್ ಹಾಕಿಸಿಕೊಳ್ಳಿ. ಬುನಾದಿಯನ್ನು ಮೊದಲೇ ತೋಡುವುದರಿಂದ ಖರ್ಚು ಅಷ್ಟೇನೂ ಹೆಚ್ಚುವುದಿಲ್ಲ, ಮುಂದೆ ಜೀವನವಿಡೀ ನಿಶ್ಚಿಂತೆ.

ಹಂತ 3: ಕೆಳಗೆ ನೋಡಿ

ಹುನಗುಂದ ಸೀಮೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದರೆ ಭಾರ ಬಿದ್ದ ಕಾಲು ನಿಧಾನವಾಗಿ ಇಳಿಯುತ್ತದೆ. ಒಂದು ಕಾಲು ಎರಡು ಇಂಚು ಇಳಿದರೂ ಮೇಲಿನ ಎಂಜಿನ್ ಪಕ್ಕಕ್ಕೆ ಸರಿಯುತ್ತದೆ. ಪ್ರತಿ ಕಾಲಿನ ಕೆಳಗೂ ಒಂದಡಿ ಚೌಕದ ದಪ್ಪ ಹಲಗೆ ಅಥವಾ ಕಬ್ಬಿಣದ ಪ್ಲೇಟು ಇಡಲೇಬೇಕು.

ಫರಸಿ ಹಾಸಿದ ಅಂಗಳದ ತೊಂದರೆ ಇನ್ನೊಂದು ಬಗೆಯದು. ಚಕ್ರದ ಮೇಲೆ ಉರುಳುವ ಫ್ಲೋರ್ ಕ್ರೇನಿನ ಸಣ್ಣ ಗಾಲಿಗಳು ಎರಡು ಕಲ್ಲುಗಳ ಸಂದಿಗೆ ಸಿಕ್ಕು ಗಕ್ಕನೆ ನಿಲ್ಲುತ್ತವೆ. ಕ್ರೇನ್ ನಿಂತರೂ ಎಂಜಿನ್ ನಿಲ್ಲುವುದಿಲ್ಲ, ತೂಗುತ್ತಾ ಮುಂದಕ್ಕೆ ಹೋಗಿ ಕ್ರೇನನ್ನೇ ಎಳೆದು ಉರುಳಿಸಬಲ್ಲದು. ಇಳಕಲ್ಲಿನ ಗ್ರ್ಯಾನೈಟ್ ಹಾಸಿದ ನೆಲದಲ್ಲಿ ಗಾಲಿ ಚೆನ್ನಾಗಿ ಓಡುತ್ತದೆ. ಆದರೆ ಒಂದು ಹನಿ ಎಣ್ಣೆ ಬಿದ್ದರೆ ಕಾಲು ಜಾರುತ್ತದೆ. ಗಟ್ಟಿ, ಸಮತಟ್ಟು, ಸ್ವಲ್ಪ ಒರಟು ಸಿಮೆಂಟ್ ನೆಲವೇ ಎಲ್ಲಕ್ಕಿಂತ ಮೇಲು.

ಹಂತ 4: ಟೇಪು ಹಿಡಿಯಿರಿ

ಎಷ್ಟೋ ಮಂದಿ ಇಲ್ಲಿ ಸೋಲುತ್ತಾರೆ. ಎಂಜಿನ್ ಮೇಲೆದ್ದಿರುತ್ತದೆ, ಆದರೆ ಗಾಡಿಯ ಮೂತಿ ದಾಟುವುದಿಲ್ಲ. ಜೀಪಿನ ಲೆಕ್ಕ ಹೀಗೆ ಹಾಕಿ: ನೆಲದಿಂದ ಮುಂದಿನ ಗ್ರಿಲ್ಲಿನ ಮೇಲಂಚಿಗೆ ಮೂರೂವರೆ ಅಡಿ, ಎಂಜಿನ್ನಿನದೇ ಎತ್ತರ ಎರಡೂವರೆ ಅಡಿ, ಕಟ್ಟಿದ ಬೆಲ್ಟಿಗೆ ಒಂದಡಿ, ಪೂರ್ತಿ ಮೇಲೆ ಎಳೆದಾಗಲೂ ಚೈನ್ ಪುಲ್ಲಿಯ ಎರಡು ಹುಕ್ಕುಗಳ ನಡುವೆ ಉಳಿಯುವ ಜಾಗ ಒಂದೂಕಾಲು ಅಡಿ, ಸಲೀಸಾಗಿ ದಾಟಲು ಅರ್ಧ ಅಡಿ. ಒಟ್ಟು ಎಂಟೂ ಮುಕ್ಕಾಲು ಅಡಿ. ಎಂಟು ಅಡಿಯ ಶೆಡ್ಡಿನಲ್ಲಿ ಈ ಕೆಲಸ ಆಗುವುದಿಲ್ಲ. ನಿಮ್ಮ ಗಾಡಿಯ ಅಳತೆ ಬೇರೆ ಇರುತ್ತದೆ, ನೀವೇ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

ಹಂತ 5: ಯಾವುದನ್ನು ಆರಿಸಬೇಕು

ಕೈಯಿಂದ ಎಳೆಯುವ ಚೈನ್ ಪುಲ್ಲಿ ನನ್ನ ಮೊದಲ ಆಯ್ಕೆ. ಕರೆಂಟ್ ಬೇಡ, ಎಣ್ಣೆಯ ಸೀಲು ಸೋರುವ ಭಯ ಇಲ್ಲ. ಎಳೆಯುವುದು ನಿಲ್ಲಿಸಿದಲ್ಲೇ ಒಳಗಿನ ಬ್ರೇಕು ಭಾರವನ್ನು ಹಿಡಿಯುತ್ತದೆ. ಒಂದು ಮೀಟರ್ ಎತ್ತಲು ಹತ್ತಾರು ಮೀಟರ್ ಸರಪಳಿ ಎಳೆಯಬೇಕು, ನಿಜ. ಆ ನಿಧಾನವೇ ಹೊಸಬರಿಗೆ ಕಾವಲು: ಒಂದೊಂದು ನೂಲು ಎತ್ತಿ, ನೋಡಿ, ಮತ್ತೆ ಎತ್ತಬಹುದು.

ಮೇಲೆ ತೂಗುಹಾಕಲು ಬೀಮ್ ಇಲ್ಲದವರಿಗೆ ಮೂರು ಕಾಲಿನ ಪೈಪ್ ಸ್ಟ್ಯಾಂಡ್ ಇದೆ. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ನೀವೆಲ್ಲ ನೋಡಿರುತ್ತೀರಿ. ಎರಡು ಕಾಲು ಗಾಡಿಯ ಎರಡು ಬದಿಗೆ, ಒಂದು ಮುಂದೆ ಬರುವಂತೆ ನಿಲ್ಲಿಸಿ, ಮೂರೂ ಕಾಲುಗಳು ಅಗಲವಾಗದಂತೆ ಕೆಳಗೆ ಸರಪಳಿ ಬಿಗಿಯಿರಿ. ಎಂಜಿನ್ ಮೇಲೆದ್ದ ಮೇಲೆ ಗಾಡಿಯನ್ನು ಹಿಂದಕ್ಕೆ ತಳ್ಳಿ, ಸ್ಟ್ಯಾಂಡನ್ನು ಎಳೆಯಬೇಡಿ. ಬೋರ್‌ವೆಲ್ ಸ್ಟ್ಯಾಂಡಿನ ಕಾಲುಗಳು ನಿಮ್ಮ ಗಾಡಿಯ ಅಗಲಕ್ಕೆ ಬಿಡುತ್ತವೆಯೇ ಎಂದು ಮೊದಲೇ ಅಳೆಯಿರಿ. ಇದಕ್ಕಿಂತ ಗಟ್ಟಿಯಾದದ್ದು ಎರಡು ಬದಿಗೆ ಕಾಲುಳ್ಳ, ನಡುವೆ ಅಡ್ಡ ಬೀಮ್ ಇರುವ ಗ್ಯಾಂಟ್ರಿ. ಜಾಗ ಹೆಚ್ಚು ಬೇಕು.

ಮಡಚಿ ಗೋಡೆಗೆ ಒರಗಿಸಿಡಬಹುದಾದ ಹೈಡ್ರಾಲಿಕ್ ಫ್ಲೋರ್ ಕ್ರೇನ್ ನೋಡಲು ಚೆಂದ, ಸಿಮೆಂಟ್ ನೆಲದ ಕಾರ್ ಶೆಡ್ಡಿಗೆ ಅನುಕೂಲವೂ ಹೌದು. ಆದರೆ ಅದರ ಮೇಲೆ ಬರೆದ "2 ಟನ್" ನಂಬಿ ಹೋಗಬೇಡಿ. ತೋಳನ್ನು ಪೂರ್ತಿ ಒಳಗೆ ಸರಿಸಿದಾಗ ಮಾತ್ರ ಆ ಶಕ್ತಿ. ತೋಳಿನ ತೂತುಗಳ ಪಕ್ಕದಲ್ಲಿ ಒಂದೂವರೆ, ಒಂದು, ಅರ್ಧ ಎಂದು ಬರೆದಿರುತ್ತದೆ. ಎಂಜಿನ್‌ವರೆಗೆ ಚಾಚಲು ಬಹಳ ಸಲ ತೋಳು ಪೂರ್ತಿ ಹೊರಗೆ ಬರಬೇಕು, ಆಗ ನಿಮ್ಮ ಕೈಯಲ್ಲಿ ಉಳಿಯುವುದು ಅರ್ಧ ಟನ್. ಕ್ರೇನಿನ ಕಾಲುಗಳು ನಿಮ್ಮ ಕಾರಿನ ಮೂತಿಯ ಕೆಳಗೆ ನುಗ್ಗುತ್ತವೆಯೇ ಎಂಬುದನ್ನೂ ಅಳೆದುಕೊಳ್ಳಿ.

ಕರೆಂಟಿನ ಸಣ್ಣ ಹಾಯ್ಸ್ಟ್ ಹೊಸಬರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಬಟನ್ ಒತ್ತಿದರೆ ಒಂದೇ ವೇಗದಲ್ಲಿ ಜಗ್ಗುತ್ತದೆ. ಎಂಜಿನ್ ಬಿಡಿಸುವಾಗ ಬೇಕಾದ ನೂಲಿನಷ್ಟು ಸರಿಸುವಿಕೆ ಅದರಲ್ಲಿ ಇಲ್ಲ. "200/400" ಎಂದು ಬರೆದದ್ದನ್ನು ನೋಡಿ 400 ಕೆ.ಜಿ. ಎಂದುಕೊಳ್ಳುವವರೂ ಇದ್ದಾರೆ. ಒಂಟಿ ಹಗ್ಗದಲ್ಲಿ ಅದು 200 ಮಾತ್ರ. ಜೊತೆಗೆ ಬಂದ ಕಪ್ಪಿ ಹಾಕಿ ಹಗ್ಗ ಜೋಡಿ ಮಾಡಿದರಷ್ಟೇ 400.

ಹಂತ 6: ಅಂಗಡಿಯಲ್ಲಿ

ಚೈನ್ ಪುಲ್ಲಿಯ ಮೈಮೇಲಿನ ಪ್ಲೇಟು ಓದಿ. ಸಾಮರ್ಥ್ಯ, ಎತ್ತುವ ಎತ್ತರ, ಸೀರಿಯಲ್ ನಂಬರ್ ಇರಬೇಕು. ಕೈಯಿಂದ ಎಳೆಯುವ ಚೈನ್ ಪುಲ್ಲಿಗಳಿಗೆ ನಮ್ಮ ದೇಶದ ಮಾನದಂಡ ಐಎಸ್ 3832. ಆ ನಂಬರು ಮತ್ತು ಪರೀಕ್ಷಾ ಪ್ರಮಾಣಪತ್ರ ಕೇಳಿ. ಭಾರ ಹೊರುವ ಸರಪಳಿ ಗ್ರೇಡ್ 80ರದ್ದೇ ಎಂದು ಕೇಳಿ. ಹುಕ್ಕಿನ ಬಾಯಿಗೆ ತಾನಾಗಿ ಮುಚ್ಚಿಕೊಳ್ಳುವ ನಾಲಗೆ ಇರಬೇಕು, ಹುಕ್ಕು ಸುತ್ತಲೂ ಸಲೀಸಾಗಿ ತಿರುಗಬೇಕು.

ಹಳೆಯದು ಕೊಳ್ಳುತ್ತಿದ್ದರೆ ಕಿವಿಯನ್ನೂ ಬಳಸಿ. ಎತ್ತುವ ಕಡೆಗೆ ಎಳೆದಾಗ ಒಳಗಿನಿಂದ ಕಟ್ ಕಟ್ ಎಂಬ ಸ್ಪಷ್ಟ ಸದ್ದು ಬರಬೇಕು. ಅದು ಬ್ರೇಕಿನ ಹಲ್ಲುಚಕ್ರಕ್ಕೆ ಬೀಳುವ ನಾಲಗೆಯ ಸದ್ದು. ಸದ್ದಿಲ್ಲ ಎಂದರೆ ಆ ನಾಲಗೆ ಅಂಟಿಕೊಂಡಿದೆ, ಭಾರ ನಿಲ್ಲುವ ಖಾತ್ರಿ ಇಲ್ಲ, ಬಿಟ್ಟು ಬನ್ನಿ. ಕಲ್ಲಿನ ಧೂಳಿನ ಜಾಗದಲ್ಲಿ ದುಡಿದ ಪುಲ್ಲಿಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಆಮೇಲೆ ಸರಪಳಿಯಲ್ಲಿ ಹೆಚ್ಚು ಸವೆದ ಜಾಗದ ಹತ್ತು ಕೊಂಡಿ ಮತ್ತು ಬಳಕೆಯೇ ಆಗದ ತುದಿಯ ಹತ್ತು ಕೊಂಡಿ ಎರಡನ್ನೂ ಅಳೆಯಿರಿ. ಉದ್ದ ಬೇರೆ ಬಂದರೆ ಸರಪಳಿ ಹಿಗ್ಗಿದೆ. ಮನೆಗೆ ತಂದ ಮೇಲೆ ಸರಪಳಿಗೆ ಎಣ್ಣೆ ಹಚ್ಚಿ, ಆದರೆ ಬ್ರೇಕಿನ ಕಡೆ ಒಂದು ಹನಿಯೂ ಬೀಳದಿರಲಿ. ಬ್ರೇಕು ಹಿಡಿಯುವುದು ಒಣ ಉಜ್ಜುವಿಕೆಯಿಂದಲೇ.

ಹಂತ 7: ಕಟ್ಟುವ ಬೆಲ್ಟು

ದನ ಕಟ್ಟುವ ಸರಪಳಿ, ಬಾವಿಯ ಹಗ್ಗ, ಹಳೆ ಫ್ಯಾನ್‌ಬೆಲ್ಟ್ ಬೇಡ. ಒಂದು ಟನ್ ಎಂದು ಚೀಟಿ ಹೊಲಿದ ಲಿಫ್ಟಿಂಗ್ ಬೆಲ್ಟ್ ಎರಡು ತನ್ನಿ. ಬೆಲ್ಟು ಮೇಲೆ ಚೂಪಾಗಿ ಕೂಡಬೇಕು. ನೆಲಕ್ಕೆ 60 ಡಿಗ್ರಿ ಓರೆಯಿದ್ದರೆ ಒಂದೊಂದು ಬೆಲ್ಟಿಗೆ ಭಾರದ ಶೇಕಡಾ 58ರಷ್ಟು ಜಗ್ಗು ಬೀಳುತ್ತದೆ. ಬೆಲ್ಟು ಗಿಡ್ಡಾಗಿ 30 ಡಿಗ್ರಿಗೆ ಮಲಗಿದರೆ ಒಂದೊಂದರ ಮೇಲೂ ಪೂರ್ತಿ ಭಾರದಷ್ಟೇ ಜಗ್ಗು. ಎಂಜಿನ್ನಿನ ಚೂಪು ಅಂಚಿಗೆ ತಾಗುವ ಕಡೆ ಹಳೆ ಟ್ಯೂಬಿನ ತುಂಡು ಹಾಕಿ. ನಮ್ಮ ಬಿಸಿಲು ಬೆಲ್ಟಿನ ನೂಲನ್ನು ಒಳಗಿಂದೊಳಗೆ ತಿನ್ನುತ್ತದೆ, ಕೆಲಸ ಮುಗಿದ ಕೂಡಲೇ ಒಳಗಿಡಿ.

ಹಂತ 8: ಮೊದಲ ಎತ್ತು

ನಾಲ್ಕು ಬೆರಳಷ್ಟು ಎತ್ತಿ ನಿಲ್ಲಿಸಿ. ಐದು ನಿಮಿಷ ಸುಮ್ಮನೆ ನೋಡಿ: ಕಾಲು ಇಳಿಯಿತೇ, ಬೆಲ್ಟು ಸರಿಯಿತೇ, ಯಾವ ಪೈಪು ಇನ್ನೂ ಸಿಕ್ಕಿಕೊಂಡಿದೆ. ಸರಪಳಿ ಎಳೆಯುವವರು ಒಬ್ಬರೇ ಇರಲಿ, ಮಾತು ಹೇಳುವವರೂ ಒಬ್ಬರೇ ಇರಲಿ. ತೂಗುವ ಎಂಜಿನ್ನಿನ ಕೆಳಗೆ ಕೈ ಹಾಕಬೇಡಿ, ಅಲ್ಲಿ ಬಿದ್ದ ಪಾನಾ ಬೇಕೆಂದರೆ ಕಡ್ಡಿಯಿಂದ ಎಳೆದುಕೊಳ್ಳಿ. ಮಕ್ಕಳನ್ನು ಅಂಗಳದಿಂದ ಒಳಗೆ ಕಳಿಸಿ. ಗಾಡಿಯಿಂದ ಹೊರಬಂದ ಕೂಡಲೇ ಎಂಜಿನ್ನನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಇಳಿಸಿ. ಊಟಕ್ಕೆ ಹೋಗುವಾಗಲೂ ಅದನ್ನು ತೂಗಾಡಲು ಬಿಡಬೇಡಿ.

ಇಷ್ಟೆಲ್ಲ ಓದಿದ ಮೇಲೆ ಕೊಳ್ಳಲೇಬೇಕೇ ಎಂದು ಕೇಳಿದರೆ, ಐದಾರು ವರ್ಷಕ್ಕೊಮ್ಮೆ ಎಂಜಿನ್ ಇಳಿಸುವ ಮನೆಗೆ ಬೇಡ. ಬೋರ್‌ವೆಲ್ ಮೋಟರ್ ಎತ್ತುವವರ ಸ್ಟ್ಯಾಂಡನ್ನೂ ಪುಲ್ಲಿಯನ್ನೂ, ಸಾಧ್ಯವಾದರೆ ಅವರನ್ನೂ, ಒಂದು ದಿನಕ್ಕೆ ಕರೆಸಿಕೊಳ್ಳಿ. ವರ್ಷಕ್ಕೆ ಎರಡು ಮೂರು ಸಲ ಈ ಕೆಲಸ ಇದ್ದವರು ಒಂದು ಟನ್ನಿನ ಹೊಸ ಚೈನ್ ಪುಲ್ಲಿ ಮತ್ತು ಅದಕ್ಕೆ ತಕ್ಕ ಗ್ಯಾಂಟ್ರಿಗೆ ಹಣ ಹಾಕಿ. ಕಾಕಾ ಆಮೇಲೆ ಗ್ಯಾಂಟ್ರಿಯನ್ನಷ್ಟೇ ಮಾಡಿಸಿದರು. ಆ ಹಳೆ ಪುಲ್ಲಿ ಇವತ್ತಿಗೂ ನಮ್ಮ ಶೆಡ್ಡಿನ ಗ್ಯಾಂಟ್ರಿಯಲ್ಲಿ ದುಡಿಯುತ್ತಿದೆ.