ಕೌದಿ ಕಲಿಸುವ ಪಾಠ

ಲೆಕ್ಕಪತ್ರ ಶಾಸ್ತ್ರದಲ್ಲಿ ‘ಸವಕಳಿ’ ಎಂಬುದೊಂದು ಮಾತಿದೆ. ಯಂತ್ರವಾಗಲಿ, ಮೇಜು-ಕುರ್ಚಿಯಾಗಲಿ, ಕೊಂಡ ದಿನದಿಂದ ವರುಷ ವರುಷವೂ ಅದರ ಬೆಲೆಯನ್ನು ಇಳಿಸುತ್ತ ಬಂದು, ಕೊನೆಗೆ ಪುಸ್ತಕದಲ್ಲಿ ಕೇವಲ ಒಂದು ರೂಪಾಯಿ ಎಂದು ಬರೆದಿಡುವ ಪದ್ಧತಿಯುಂಟು. ವಸ್ತು ಇನ್ನೂ ಕೆಲಸ ಮಾಡುತ್ತಿರಬಹುದು. ಆದರೆ ಲೆಕ್ಕದ ಕಣ್ಣಿಗೆ ಅದರ ಆಯುಷ್ಯ ತೀರಿರುತ್ತದೆ. ಎರಡು ದಶಕಗಳಿಂದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿರುವ ನಾನು ಈ ಪದ್ಧತಿಯನ್ನು ತಪ್ಪೆನ್ನಲಾರೆ. ಆದರೆ ಇದೇ ಲೆಕ್ಕವನ್ನು ನಾವು ಮನೆಯೊಳಕ್ಕೂ ತಂದುಕೊಂಡಿದ್ದೇವೆ. ಹಳೆಯ ಸೀರೆ, ಒಡೆದ ಬಳೆ, ತೆಂಗಿನ ಕರಟ ಇವುಗಳ ಬೆಲೆಯನ್ನು ಮಾತ್ರವಲ್ಲ, ಅವುಗಳಿಂದ ಏನನ್ನಾದರೂ ಮಾಡಬಲ್ಲ ಹಿರಿಯರ ಕೈಗಳ ಬೆಲೆಯನ್ನೂ ಒಂದು ರೂಪಾಯಿಗೆ ಇಳಿಸಿಬಿಟ್ಟಿದ್ದೇವೆ. ಇದು ಸರಿಯಾದ ಲೆಕ್ಕವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನೋಡುವ ಕಣ್ಣು

ನಮ್ಮ ಗ್ರಾಂಟ್ ರೋಡ್ ಪರಿಸರವೇ ಈ ವಿಷಯದಲ್ಲಿ ಒಂದು ಪಾಠಶಾಲೆ. 1835ರಿಂದ 1838ರವರೆಗೆ ಮುಂಬಯಿ ಪ್ರಾಂತದ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟ್ ಅವರ ಹೆಸರನ್ನು ಪಡೆದ ಈ ರಸ್ತೆಗೆ ಈಗ ಮೌಲಾನಾ ಶೌಕತ್ ಅಲಿ ರಸ್ತೆ ಎಂಬ ಹೆಸರಿದ್ದರೂ, ರೈಲು ನಿಲ್ದಾಣದ ಫಲಕದಲ್ಲಿಯೂ ಜನರ ನಾಲಗೆಯ ಮೇಲೂ ಹಳೆಯ ಹೆಸರೇ ಉಳಿದಿದೆ. ನಿಲ್ದಾಣದಿಂದ ಪೂರ್ವದ ಕಡೆಗೆ ನಡೆದರೆ ಸುಪ್ರಸಿದ್ಧ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಸಿಗುತ್ತದೆ. ನಿಂತುಹೋದ ಗಡಿಯಾರ, ಗ್ರಾಮಫೋನಿನ ಕಹಳೆ, ಹಿತ್ತಾಳೆಯ ಹಿಡಿಕೆ, ಹಳೆಯ ಸಿನಿಮಾದ ಭಿತ್ತಿಪತ್ರ – ಯಾರದೋ ಮನೆಯಿಂದ ಹೊರಬಿದ್ದ ಇಂಥ ವಸ್ತುಗಳು ಅಲ್ಲಿ ಹೊಸ ಯಜಮಾನನಿಗಾಗಿ ಕಾದಿರುತ್ತವೆ. ವಸ್ತು ಬದಲಾಗಿಲ್ಲ, ಅದನ್ನು ನೋಡುವ ಕಣ್ಣು ಬದಲಾಗಿದೆ. ಬೆಲೆಯನ್ನು ಕಟ್ಟುವುದು ಆ ಕಣ್ಣೇ.

ನಮ್ಮ ಚಾಳುಗಳ ಮತ್ತು ಕಟ್ಟಡಗಳ ಬಾಗಿಲಿಗೆ ಸ್ಟೀಲಿನ ಪಾತ್ರೆಗಳ ಬುಟ್ಟಿ ಹೊತ್ತು ಬರುವ ಹೆಂಗಸರನ್ನು ಬಲ್ಲದ ಗೃಹಿಣಿಯರುಂಟೇ? ನಾಲ್ಕು ಹಳೆಯ ಸೀರೆ, ಎರಡು ಷರಟು ಕೊಟ್ಟರೆ ಒಂದು ಪಾತ್ರೆ. ಈ ವ್ಯಾಪಾರದಿಂದ ಅವರ ಸಂಸಾರ ನಡೆಯುತ್ತದೆ, ಬಟ್ಟೆಯೂ ಹಳೆಬಟ್ಟೆಯ ಪೇಟೆ ಸೇರಿ ಮತ್ತೊಬ್ಬರ ಮೈಗೆ ಬರುತ್ತದೆ. ಇದು ಒಳ್ಳೆಯದೇ. ಆದರೆ ಎಲ್ಲ ಸೀರೆಗಳೂ ಹೀಗೆಯೇ ಹೋಗಬೇಕೆಂದಿಲ್ಲ. ನಮ್ಮ ನಾಡಿನವರು ಹಳೆಯ ಬಟ್ಟೆಗೆ ಇನ್ನೊಂದು ದಾರಿಯನ್ನು ಎಂದೋ ಕಂಡುಕೊಂಡಿದ್ದರು.

ಕೌದಿಯೆಂಬ ಕಲೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯನ್ನು ಹೊದೆಯದೆ ಬೆಳೆದವರು ವಿರಳ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಆದಿಯಿಂದ ಅಂತ್ಯದವರೆಗೆ ಕೈಹೊಲಿಗೆಯಲ್ಲಿ ಬಿಗಿದರೆ ಕೌದಿಯಾಗುತ್ತದೆ. ಇದನ್ನೇ ಹೋಲುವುದನ್ನು ಮಹಾರಾಷ್ಟ್ರದವರು ಗೋಧಡಿ ಎಂದೂ, ಬಂಗಾಳದವರು ಕಾಂಥಾ ಎಂದೂ, ಬಿಹಾರದವರು ಸುಜನಿ ಎಂದೂ ಕರೆಯುತ್ತಾರೆ. ಬಡತನ ಎಲ್ಲೆಡೆಯೂ ಇತ್ತು, ಚಳಿಯೂ ಇತ್ತು. ಆದರೆ ಆ ಬಡತನದಲ್ಲಿಯೂ ಹೆಂಗಸರು ಕೆಂಪಿನ ಪಕ್ಕದಲ್ಲಿ ಹಳದಿ ಬರಬೇಕೋ ಹಸಿರು ಬರಬೇಕೋ ಎಂದು ಆಲೋಚಿಸಿದರಲ್ಲ, ಕಲೆ ಹುಟ್ಟಿದ್ದು ಆ ಆಲೋಚನೆಯಲ್ಲಿ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದವರ ಕೌದಿಗಳು ಇದಕ್ಕೆ ಉತ್ತಮ ನಿದರ್ಶನ. ಇವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಸಿದ್ದಿ ಸ್ತ್ರೀಯರು ಹೊಲಿಗೆಯನ್ನು ಬಟ್ಟೆಯ ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನಾಕೃತಿಯ ‘ಹೂ’ಗಳನ್ನು ಕೂಡಿಸುತ್ತಾರೆ, ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಪೂರ್ಣವಾದುದಲ್ಲ. ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಅಧ್ಯಯನದಿಂದಾಗಿ ಈ ಕೌದಿಗಳು ಕಡಲಾಚೆಯ ಪ್ರದರ್ಶನಗಳನ್ನೂ ಕಂಡಿವೆ. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಕೈಗೆ ಸಿಕ್ಕ ತುಂಡು ಮುಂದಿನ ತುಂಡನ್ನು ಕೇಳುತ್ತದೆ. ಬೇಕಾದುದೆಲ್ಲ ಅಂಗಡಿಯಲ್ಲಿ ಸಿಗುವಾಗ ಕಲ್ಪನೆಗೆ ಕೆಲಸ ಕಡಿಮೆ. ಇರುವುದರಲ್ಲಿಯೇ ಆಗಬೇಕೆಂದಾಗ ಕಲ್ಪನೆ ಎಚ್ಚೆತ್ತುಕೊಳ್ಳುತ್ತದೆ.

ಕರಾವಳಿಯ ನಮ್ಮ ಬಂಧುಗಳಿಗೂ ಇದು ಹೊಸತಲ್ಲ. ತೋಟದಲ್ಲಿ ಉದುರಿದ ಅಡಿಕೆಯ ಹಾಳೆ ತಲೆಯ ಮೇಲಿನ ಮುಟ್ಟಾಳೆಯಾಗುತ್ತಿತ್ತು, ಕಾಯಿ ತುರಿದ ಮೇಲೆ ಉಳಿದ ಕರಟ ಅಡುಗೆಮನೆಯ ಸೌಟಾಗುತ್ತಿತ್ತು. ಚಂಡೀಗಢದ ಸರಕಾರಿ ರಸ್ತೆ ಇನ್‌ಸ್ಪೆಕ್ಟರ್ ನೇಕ್ ಚಂದ್ ಅವರು 1957ರಿಂದ ಯಾರಿಗೂ ತಿಳಿಯದಂತೆ ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲುಗಳನ್ನು ಕೂಡಿಸಿ ಕಟ್ಟಿದ ಲೋಕವೇ 1976ರಲ್ಲಿ ಸಾರ್ವಜನಿಕರಿಗೆ ತೆರೆದ ‘ರಾಕ್ ಗಾರ್ಡನ್’. 1984ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಮುಟ್ಟಾಳೆ ಮಾಡಿದವನಲ್ಲಿಯೂ ಉದ್ಯಾನ ಕಟ್ಟಿದವರಲ್ಲಿಯೂ ಇದ್ದದ್ದು ಒಂದೇ ಬಗೆಯ ಕಣ್ಣು.

ಒಂದು ಮನೆಯ ಅನುಭವ

ಇಂದಿನ ಶಾಲೆಗಳಲ್ಲಿ ಮಕ್ಕಳಿಗೆ ‘ಕಸದಿಂದ ರಸ’ ಎಂಬ ಚಟುವಟಿಕೆ ಕೊಡುತ್ತಾರೆ. ಉದ್ದೇಶ ಶ್ಲಾಘ್ಯ. ಆದರೆ ಆಗುವುದೇನು? ಹಿಂದಿನ ರಾತ್ರಿ ತಂದೆತಾಯಿಗಳು ಪೇಟೆಗೆ ಓಡಿ ಹೊಸ ಬಣ್ಣದ ಕಾಗದ, ಮಿನುಗು ಪುಡಿ, ಅಂಟು ಕೊಂಡು ತರುತ್ತಾರೆ. ಕಸದ ಕಲೆಗಾಗಿ ಹೊಸ ಕಸ ಮನೆ ಸೇರುತ್ತದೆ! ಬಹಳ ಜನರ ಮೆಚ್ಚಿನ ವಸ್ತುವಾಗಿದ್ದ ಅಲಂಕಾರದ ಥರ್ಮೊಕೋಲನ್ನಂತೂ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ.

ನನ್ನ ಮಗಳಿಗೂ ಇಂಥದೇ ಪಾಠ ಬಂದಾಗ ಮನೆಯಲ್ಲಿ ನನ್ನ ತಾಯಿಯವರಿದ್ದರು. ಗದಗಿನ ಕಡೆಯ ಹಳ್ಳಿಯಿಂದ, ತಂದೆಯವರು ತೀರಿಕೊಂಡ ಮೇಲೆ, ನಮ್ಮ ಎರಡು ಕೋಣೆಯ ಮನೆಗೆ ಬಂದು ವರುಷವಾಗಿತ್ತು. ಊರಿನಲ್ಲಿ ನಸುಕಿನಿಂದ ರಾತ್ರಿಯವರೆಗೆ ದುಡಿದ ಜೀವಕ್ಕೆ ಇಲ್ಲಿ ಕಿಟಕಿಯ ಬಳಿ ಕೂರುವುದೇ ಕಾಯಕವಾಗಿತ್ತು. “ಇಲ್ಲಿ ನನಗೇನ ಕೆಲಸಾನ ಇಲ್ಲೋ ತಮ್ಮಾ” ಎಂದು ಆಗಾಗ ಹೇಳುತ್ತಿದ್ದರು. ಊಟ ಕಡಿಮೆಯಾಗಿತ್ತು, ಮಾತೂ ಕಡಿಮೆಯಾಗಿತ್ತು. ವೈದ್ಯರು ಪರೀಕ್ಷಿಸಿ, ದೇಹದಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ, ಮನಸ್ಸಿಗೆ ಏನಾದರೂ ಉದ್ಯೋಗ ಬೇಕು ಎಂದಿದ್ದರು.

ಮಗಳ ಪಾಠದ ಸುದ್ದಿ ಕೇಳಿ ತಾಯಿಯವರು ಟ್ರಂಕಿನಿಂದ ತಮ್ಮ ಹರಿದ ಇಳಕಲ್ ಸೀರೆಯೊಂದನ್ನು ತೆಗೆದರು. ಹೊಸ ಬಟ್ಟೆಯೇ ಚೆನ್ನಲ್ಲವೇ ಎಂದು ಮೊಮ್ಮಗಳು ಕೇಳಿದ್ದಕ್ಕೆ, “ಅರಿವಿ ಹಳೇದಾದಷ್ಟು ಮೆತ್ತಗಾಗ್ತದ ಕೂಸ, ಹೊಸಾದು ಮೈಗೆ ಚುಚ್ಚತದ” ಎಂದರು. ಸೂಜಿಗೆ ದಾರ ಪೋಣಿಸುವುದು ಹುಡುಗಿಯ ಪಾಲು. ಹೊಲಿಗೆ ತೋರಿಸುವುದು ಅಜ್ಜಿಯ ಪಾಲು. ಚಿಕ್ಕದೊಂದು ಆಸನ ಸಿದ್ಧವಾಗಿ ಶಾಲೆಗೆ ಹೋಯಿತು. ಅದಾದ ಮರುದಿನ ತಾಯಿಯವರು ಕೇಳಿದ ಪ್ರಶ್ನೆ ನನಗೆ ಮುಖ್ಯವೆನಿಸಿತು: “ಇನ್ನ ಯಾರ ಮನ್ಯಾಗ ಹಳೇ ಅರಿವಿ ಅದಾವು?” ಈಗ ಕಟ್ಟಡದ ಮೂರು ನಾಲ್ಕು ಮನೆಗಳಿಂದ ಬಟ್ಟೆ ಬರುತ್ತದೆ. ಬೆಳಗಿನ ಹೊತ್ತು ಅವರ ಬೆರಳುಗಳು ಇಂದಿಗೂ ಬಿಗಿಯುತ್ತವೆ. ಕೌದಿ ಅದನ್ನು ಗುಣಪಡಿಸಿಲ್ಲ. ಆದರೆ ಹಗಲಿಗೊಂದು ಕೆಲಸ, ಊಟಕ್ಕೊಂದು ಹಸಿವು, ಮೊಮ್ಮಗಳೊಡನೆ ಒಂದು ಮಾತು ಮರಳಿ ಬಂದಿವೆ.

ವೈದ್ಯಶಾಸ್ತ್ರದ ಸಾಕ್ಷ್ಯ

ಕೈಗೆಲಸಕ್ಕೂ ಆರೋಗ್ಯಕ್ಕೂ ಇರುವ ಸಂಬಂಧ ಕೇವಲ ಭಾವನೆಯ ಮಾತಲ್ಲ. ಅಮೆರಿಕೆಯಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅವರು 1950ರಲ್ಲಿ ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ಆರಂಭಿಸಿದರು. ಏಷ್ಯಾ ಖಂಡದಲ್ಲಿಯೇ ಇದು ಮೊದಲನೆಯದು. ರೋಗಿಗೆ ಅರ್ಥಪೂರ್ಣವಾದ ಕೆಲಸವನ್ನು ಕೊಟ್ಟು, ಆ ಮೂಲಕ ಕೈಕಾಲುಗಳ ಶಕ್ತಿಯನ್ನೂ ಮನಸ್ಸಿನ ಧೈರ್ಯವನ್ನೂ ಮರಳಿ ಗಳಿಸಿಕೊಡುವುದು ಈ ಶಾಸ್ತ್ರದ ತಿರುಳು. ಸೂಜಿ ಹಿಡಿಯುವಾಗ ಹೆಬ್ಬೆರಳು ತೋರುಬೆರಳುಗಳು ಕೂಡಿ ದುಡಿಯುತ್ತವೆ. ಒಂದು ಕೈ ಬಟ್ಟೆಯನ್ನು ಹಿಡಿದರೆ ಇನ್ನೊಂದು ಹೊಲಿಯುತ್ತದೆ. ಕಣ್ಣು ಸಾಲನ್ನು ಕಾಯುತ್ತದೆ. ಸಂಜೆಗೆ ಎಷ್ಟಾಯಿತೆಂಬುದು ಕಣ್ಣೆದುರಿಗೇ ಇರುತ್ತದೆ. ಆದರೂ ಪಾರ್ಶ್ವವಾಯು, ಸಂಧಿವಾತ ಮೊದಲಾದ ತೊಂದರೆಯುಳ್ಳವರು ಯಾವ ಕೆಲಸ, ಎಷ್ಟು ಹೊತ್ತು ಎಂಬುದನ್ನು ತಜ್ಞರನ್ನು ಕೇಳಿಯೇ ನಿರ್ಧರಿಸಬೇಕು.

ಮಾಡುವ ಕ್ರಮ

ಆರಂಭಕ್ಕೆ ದೊಡ್ಡ ಕೌದಿ ಬೇಡ. 18 ಅಂಗುಲ ಚೌಕದ ಆಸನ ಸಾಕು.

1. ಹತ್ತಿಯ ಬಟ್ಟೆಗಳನ್ನೇ ಆರಿಸಿ, ಬಿಸಿನೀರು ಸಾಬೂನಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ನೈಲಾನ್, ಪಾಲಿಯೆಸ್ಟರ್ ಬೆರೆಸಿದರೆ ಒಗೆದಾಗ ಕೆಲವು ತುಂಡು ಮಾತ್ರ ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ.

2. ಹಳೆಯ ಧೋತರ ಅಥವಾ ಚಾದರದ ಎರಡು ಮೂರು ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ, ಅವು ಸರಿಯದಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಬೇಕು.

3. ಮೇಲಿನ ತುಂಡುಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ಮಕ್ಕಳಿಗೇ ಬಿಡಬೇಕು. ಪ್ರತಿ ತುಂಡಿನ ಅಂಚನ್ನು ಕಾಲು ಅಂಗುಲ ಒಳಕ್ಕೆ ಮಡಿಸಿದರೆ ಎಳೆ ಬಿಡುವುದಿಲ್ಲ.

4. ದಪ್ಪ ಹತ್ತಿಯ ದಾರದಿಂದ, ಹೊರ ಅಂಚಿನಲ್ಲಿ ತೊಡಗಿ ಒಳಕ್ಕೆ ಸುತ್ತುತ್ತ, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರವಿಟ್ಟು, ಎಲ್ಲ ಪದರಗಳನ್ನೂ ಹಿಡಿದು ಹೊಲಿಯಬೇಕು.

5. ಕೊನೆಗೆ ಕಚ್ಚಾ ಹೊಲಿಗೆ ಬಿಚ್ಚಿ, ಮೂಲೆಗಳಿಗೆ ಹೂಗಳನ್ನಿಡಬೇಕು.

ದಿನಕ್ಕೆ ಅರ್ಧ ಗಂಟೆಯಂತೆ ಕುಳಿತರೆ ಕೆಲವು ವಾರಗಳಲ್ಲಿ ಆಸನ ಸಿದ್ಧವಾದೀತು.

ಹೊಲಿಗೆ ಒಲ್ಲದವರಿಗೆ ಬೇರೆ ದಾರಿಗಳಿವೆ. ಹಳೆಯ ವೃತ್ತಪತ್ರಿಕೆಯನ್ನು ಎರಡು ದಿನ ನೆನೆಸಿ, ನೆನೆದ ಮೆಂತ್ಯದೊಡನೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿದರೆ ಗಟ್ಟಿಯಾದ ಬುಟ್ಟಿಯಾಗುತ್ತದೆ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಇಂಜಿನಿಯರಿಂಗ್ ಓದಿ ಮಕ್ಕಳ ವಿಜ್ಞಾನಕ್ಕೆ ಬಾಳನ್ನು ಮುಡಿಪಾಗಿಟ್ಟ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟುವುದನ್ನು ಕಲಿಸಿದರು. ಹಾಗೆ ಕಟ್ಟಿದ ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ರೈಲು ಸೇತುವೆಗಳ ಉಕ್ಕಿನ ಚೌಕಟ್ಟಿನಲ್ಲಿ ತ್ರಿಕೋನಗಳೇಕೆ ಎಂಬ ಪ್ರಶ್ನೆಗೆ ಮಗುವಿನ ಕೈಯೇ ಉತ್ತರ ಹೇಳುತ್ತದೆ. ಕಡ್ಡಿಗಳ ಮದ್ದನ್ನು ಮಾತ್ರ ಹಿರಿಯರು ಮೊದಲೇ ತೆಗೆದಿಡಬೇಕು.

ಎಚ್ಚರಿಕೆಗಳು

ಬಿಸಾಡಿದುದೆಲ್ಲವೂ ಆಟಿಕೆಯಾಗಲಾರದು. ಹಳೆಯ ಬ್ಯಾಟರಿ ಸೆಲ್ಲು, ಟ್ಯೂಬ್‌ಲೈಟು, ಪಾದರಸದ ಥರ್ಮಾಮೀಟರು, ಚುಚ್ಚುಮದ್ದಿನ ಸೂಜಿ ಇವು ಮಕ್ಕಳ ಕೈಗೆ ಸಿಗಲೇಬಾರದು. ಹಳೆಯ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದನ್ನು ಕೆರೆದು ತೆಗೆಯಬಾರದು. ಅಂಟನ್ನು ಬಳಸುವಾಗ ಕಿಟಕಿ ತೆರೆದಿರಲಿ. ಮಧುಮೇಹದಿಂದ ಬೆರಳುಗಳ ಸ್ಪರ್ಶಜ್ಞಾನ ಕುಂದಿದವರು ದರ್ಜಿಗಳಂತೆ ಬೆರಳಿಗೆ ಲೋಹದ ಟೊಪ್ಪಿಗೆ ತೊಟ್ಟು ಹೊಲಿಯುವುದು ಕ್ಷೇಮ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಬೆಳಕು ಧಾರಾಳವಾಗಿರಬೇಕು. ಹೊಲಿಗೆ ಮುಗಿದೊಡನೆ ಸೂಜಿಗಳನ್ನು ಎಣಿಸಿಡುವ ಅಭ್ಯಾಸ ಒಳ್ಳೆಯದು.

ಮುಂಬಯಿಯಂಥ ನಗರದಲ್ಲಿ ಸ್ಥಳಕ್ಕೆ ಅಭಾವ, ಸಮಯಕ್ಕೂ ಅಭಾವ. ಹಳೆಯದನ್ನೆಲ್ಲ ಕೂಡಿಟ್ಟುಕೊಳ್ಳಿರೆಂದು ಯಾರಿಗೂ ಹೇಳಲಾಗದು. ಆದರೆ ಮುಂದಿನ ಸಲ ಸೀರೆಯೊಂದನ್ನು ಪಾತ್ರೆಗೆ ಕೊಡುವ ಮುನ್ನ, ಅದನ್ನು ಮನೆಯ ಹಿರಿಯರ ಕೈಗೊಮ್ಮೆ ಕೊಟ್ಟು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ನೋಡಿರಿ. ಸೀರೆಯ ಗುಜರಿ ಬೆಲೆಯನ್ನು ಯಾರಾದರೂ ಕಟ್ಟಬಲ್ಲರು. ಅದನ್ನು ಕೌದಿಯಾಗಿಸುವ ವಿದ್ಯೆ ಮಾತ್ರ ಒಂದು ತಲೆಮಾರಿನ ಕೈತಪ್ಪಿತೆಂದರೆ ಯಾವ ಬಜಾರಿನಲ್ಲಿಯೂ ಕೊಂಡು ತರಲು ಸಿಗುವುದಿಲ್ಲ.